ಬಾಲ ಎರಡೋ, ಮೂರೋ

ಮೊದಲ ಪ್ರಶ್ನೆ: ಬಾಲ ಎರಡೋ, ಮೂರೋ?
ಎರಡಾದರೆ ಏಳಕ್ಕೆ ಹೋಗು, ಮೂರಾದರೆ ಹದಿನಾಲ್ಕಕ್ಕೆ.
ಪುಸ್ತಕ ನನ್ನದಲ್ಲ, ಕಾಲೇಜಿನ ಕಪಾಟಿನದು,
ಫಾರ್ಮಲಿನ್ ವಾಸನೆ ಕುಡಿದು ಉಬ್ಬಿದ್ದು,
ಉತ್ತರ ಅಮೆರಿಕದ ಕೀಟಗಳಿಗೆ ಮಾತ್ರ ಎಂದು
ಮೊದಲ ಪುಟದಲ್ಲೇ ಒಪ್ಪಿಕೊಂಡದ್ದು.
ಶಹಾಬಾದಿಗೆ ಅಂತ ಯಾರೂ ಬರೆದುಕೊಟ್ಟಿಲ್ಲ.
ಇದ್ದುದರಲ್ಲೇ ನೋಡಬೇಕು.

ಹುಳ ಸಿಕ್ಕದ್ದು ಪೆಟ್ರೋಲ್ ಬಂಕಿನ ಟ್ಯೂಬ್‌ಲೈಟಿನ ಕೆಳಗೆ.
ಅದರಾಚೆ ಮುಚ್ಚಿದ ಫರಸಿ ಖಣಿ,
ಕಲ್ಲು ತೆಗೆದ ತಗ್ಗಿನಲ್ಲಿ ನಿಂತ ನೀರು,
ಹಸಿರು, ಅಲುಗದ್ದು, ಆಳ ಯಾರಿಗೂ ಗೊತ್ತಿಲ್ಲದ್ದು.
ಮಳೆ ಬಿಟ್ಟ ಮೂರನೇ ಸಂಜೆ ಅಲ್ಲಿಂದ ಎದ್ದು ಬಂದವು.
ಲಾಡ್ಲೇಸಾಬ ಕಸಬರಿಗೆ ಹಿಡಿದು ಗುಡಿಸುತ್ತಿದ್ದ:
"ಎರಡ್ಯಾಕ್ರಿ ಟೀಚರ್, ಚೀಲ ತುಂಬ ಒಯ್ರಿ,
ನಮ್ಮ ಕೋಳಿಗೋಳು ತಿಂದ್ ತಿಂದ್ ಬ್ಯಾಸತ್ತಾವ."

ಎರಡು ಬಾಲ. ಏಳಕ್ಕೆ ಹೋದೆ.
ಗಂಡಿನ ಕಣ್ಣು ಎರಡಂತಸ್ತಿನದೇ?
ಹೌದು. ಕೆಳಗೊಂದು ಜೊತೆ, ಅದರ ಮೇಲೆ
ರುಮಾಲು ಸುತ್ತಿದಂತೆ ಇನ್ನೊಂದು ಜೊತೆ,
ಇಟ್ಟಂಗಿ ಬಣ್ಣದ್ದು,
ಹೆಣ್ಣು ನೋಡಲು ಹೊರಟ ಗೌಡನ ಠೀವಿಯದು.
ಜಮಲಾಬಾಯಿ, ಕೊನೆಯ ವರ್ಷದವಳು, ಲೆನ್ಸಿಗೆ ಕಣ್ಣಿಟ್ಟು
"ಮ್ಯಾಲ್ ನೋಡಲಿಕ್ಕೇ ಬ್ಯಾರೆ ಕಣ್ಣೇನ್ರಿ ಮ್ಯಾಡಂ?" ಅಂದಳು.
ಹೌದು, ಮೇಲೆ ಹಾರುವ ಹೆಣ್ಣನ್ನು ಕಾಣಲು.
ಅವಳು ನಕ್ಕಳು. ನಾನು ಹನ್ನೊಂದಕ್ಕೆ ಹೋದೆ.

ಹೆಣ್ಣಿನ ರೆಕ್ಕೆಯ ಅಂಚಿಗೆ ಕಂದು ಕಲೆಯಿದ್ದರೆ
ಅದು ಕ್ಯಾಲಿಬೀಟಿಸ್: ಕೆರೆ, ಹೊಂಡ, ನಿಂತ ನೀರು,
ಎಲ್ಲೆಡೆ ಹೇರಳ.
ಎಲ್ಲೆಡೆ ಅನ್ನುವ ಮಾತಿನ ಪಕ್ಕ ಒಂದು ನಕಾಶೆ,
ಚುಕ್ಕಿ, ಚುಕ್ಕಿ, ಚುಕ್ಕಿ, ಸಮುದ್ರ ಬಂದ ಕೂಡಲೇ ಖಾಲಿ.
ನಾವು ಆ ಖಾಲಿಯಲ್ಲೂ ಇಲ್ಲ, ಹಾಳೆಯೇ ಅಲ್ಲಿಗೆ ಮುಗಿದಿದೆ.

ನನ್ನ ಹುಳದ ರೆಕ್ಕೆಯೋ ಮಂಕು,
ಹೊಗೆ ಹಿಡಿದ ಕಂದೀಲಿನ ಗಾಜು.
ಕಲೆ ಇದ್ದರೂ ಕಾಣದು, ಒರೆಸಲು ಬಾರದು.
ಹನ್ನೊಂದಕ್ಕೆ ಕರೆಂಟು ಹೋಯಿತು.
ಡಬ್ಬಿಯ ಬಾಯಿಗೆ ಅರಿವೆ ಕಟ್ಟಿ ಮೇಜಿನ ಮೇಲಿಟ್ಟು
ಬೈದುಕೊಳ್ಳುತ್ತ ಮಲಗಿದೆ,
ಹುಳವನ್ನಲ್ಲ, ಪುಸ್ತಕ ಬರೆದವನನ್ನು.

ಬೆಳಿಗ್ಗೆ ಎರಡಿದ್ದಲ್ಲಿ ನಾಲ್ಕು.
ಎರಡು ಅಲುಗುತ್ತಿಲ್ಲ. ಸತ್ತವೆಂದು ಚಿಮಟಿಗೆಯಲ್ಲಿ ಎತ್ತಿದರೆ
ತೂಕವಿಲ್ಲ, ಒಳಗೆ ಯಾರೂ ಇಲ್ಲ.
ಬಾಲದ ತುದಿಯವರೆಗೆ ಪೂರಾ ಬಿಚ್ಚಿಟ್ಟ ಅಂಗಿ.
ರೆಕ್ಕೆ ಬಂದ ಮೇಲೂ ಇನ್ನೊಮ್ಮೆ ಪೊರೆ ಕಳಚುವುದು
ಹುಳಗಳ ಕುಲದಲ್ಲಿ ಇದೊಂದೇ:
ಹನ್ನೆರಡು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ,
ಒರೆಸಿದ್ದೇನೆ.
ಅರಿವೆಗೆ ಅಂಟಿ ಕೂತ ಹೆಣ್ಣಿನ ರೆಕ್ಕೆ ಈಗ ತೊಳೆದ ಗಾಜು,
ಅಂಚಿಗೆ ಚಹಾ ತುಳುಕಿದಷ್ಟು ಕಂದು.
ಅಂದರೆ ನಿನ್ನೆ ನಾನು
ಇನ್ನೂ ಪೂರಾ ಆಗದವಳನ್ನು ಹಿಡಿದು
ಹೆಸರು ಹೇಳು ಅಂತ ಕೂತಿದ್ದೆ.

ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಜಮಲಾಬಾಯಿ ಕೇಳಿದಳು,
"ಹಿಂದಿನ ರೆಕ್ಕಿ ಎಲ್ಲದರೀ?"
ಪುಸ್ತಕದ ಚಿತ್ರದಲ್ಲಿ ಅದು
ತೊಗರಿ ಹೊಟ್ಟಿನ ಚೂರಷ್ಟಾದರೂ ಇದೆ.
ಇದಕ್ಕೆ ಇಲ್ಲ. ತಿರುಗಿಸಿ ನೋಡಿದೆವು,
ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಇಲ್ಲ.
ಅಮೆರಿಕದ್ದಲ್ಲ ಎಂದು ತಿಳಿಯಲಿಕ್ಕೆ
ಅಮೆರಿಕದ ಇಡೀ ಪುಸ್ತಕ ಬೇಕಾಯಿತು.

ಸಂಜೆ ಬಂಕಿನಲ್ಲಿ ಲಾಡ್ಲೇಸಾಬ: "ಏನಂತ್ರಿ ಹೆಸರು?"
ಗೊತ್ತಾಗಲಿಲ್ಲ ಎಂದೆ. ಅದಕ್ಕೆ ಉಣ್ಣುವ ಬಾಯಿಲ್ಲ,
ಹೊಟ್ಟೆಯಲ್ಲಿ ಬರೀ ಗಾಳಿ,
ರೆಕ್ಕೆ ಬಂದ ಮೇಲೆ ಹನಿ ನೀರೂ ಮುಟ್ಟುವುದಿಲ್ಲ ಎಂದೆ.
ಪೈಪು ಕೊಕ್ಕೆಗೆ ಸಿಗಿಸಿ ಸ್ವಲ್ಪ ಹೊತ್ತು ನಿಂತ.
"ಹಂಗಾರ ರೋಜಾ ಹುಳ ಅನ್ರಿ."
ಮತ್ತೆ ಕಸಬರಿಗೆ ತಗೊಂಡ.
ಕೋಳಿಗಳಿಗೆ ಇದನ್ನೆಲ್ಲ ಯಾರು ಹೇಳಬೇಕು?

ಚೀಟಿಯಲ್ಲಿ ಬರೆದೆ: ಶಹಾಬಾದ, ಖಣಿಯ ನೀರು, ಬಂಕಿನ ಬೆಳಕು.
ಕೊಟ್ಟವನು ಲಾಡ್ಲೇಸಾಬ.
ಹಿಂದಿನ ರೆಕ್ಕೆ ಇಲ್ಲವೆಂದು ಕಂಡವಳು ಜಮಲಾಬಾಯಿ ರಾಠೋಡ.
ಹೆಸರಿನ ಜಾಗದಲ್ಲಿ ಅವನಂದದ್ದನ್ನೇ, ಪೆನ್ಸಿಲಿನಲ್ಲಿ.
ಅಂಗಿಗಳೆರಡು ಬೇರೆ ಸೀಸೆಯಲ್ಲಿವೆ,
ಅವಕ್ಕೂ ಅದೇ ನಂಬರು.